ಬಿದ್ದ ಮರ ಎದ್ದು ನಿಂತ ಕಥೆ



ಬಿರುಗಾಳಿಗೆ ಮರ ಬುಡಸಹಿತ ಉರುಳಿದರೆ ನಾವು ಮೊದಲು ಹುಡುಕುವುದು ಕೊಡಲಿಯನ್ನು. "ಬಿದ್ದದ್ದು ಬಿತ್ತು, ಸೌದೆಗಾದರೂ ಆಗಲಿ" ಅಂತೀವಿ. ಹಾಗೆನ್ನದೆ ಮರವನ್ನು ಉಳಿಸಿಕೊಂಡ ಒಂದು ತೋಟದ ಚರಿತ್ರೆಯನ್ನು ಈ ಹೊತ್ತು ಹೇಳುತ್ತೇನೆ, ಕೇಳಿ.

ಮರದ ಹೆಸರು ಕಾಶ್ಮೀರ ಸೈಪ್ರಸ್. ನಮ್ಮ ಸರ್ವೆ ಮರವನ್ನು ನೀವೆಲ್ಲ ಕಂಡಿದ್ದೀರಿ. ದೂರದಿಂದ ನೋಡಿದರೆ ಇದರ ಕಿರುರೆಂಬೆಗಳೂ ಹಾಗೇ ಜೋಲು ಬೀಳುತ್ತವೆ. ಆದರೆ ಜಾತಿ ಬೇರೆ. ಇದು ದೇವದಾರು, ಪೈನ್ ಮರಗಳ ಬಳಗದ್ದು. ಎಲೆ ಬೂದಿ ಬಳಿದಂಥ ನೀಲಿ-ಹಸಿರು. ರೆಂಬೆಗಳು ಬಾಚಿ ಇಳಿಬಿಟ್ಟ ಕೂದಲಿನ ಹಾಗೆ ನೆಲದ ಕಡೆ ತೂಗುತ್ತವೆ. ಅಂದಕ್ಕಾಗಿಯೇ ಜನ ಇದನ್ನು ತೋಟದಲ್ಲಿ ನೆಡುತ್ತಾರೆ.

1867ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಕ್ಯಾರಿಯೇರ್ ಇದಕ್ಕೆ ಕಾಶ್ಮೀರದ ಹೆಸರಿಟ್ಟು ಗ್ರಂಥದಲ್ಲಿ ಸೇರಿಸಿದರು. ಹೆಸರು ಕಾಶ್ಮೀರದ್ದು, ತವರು ಮಾತ್ರ ಭೂತಾನ ಮತ್ತು ಅರುಣಾಚಲದ ಬೆಟ್ಟಗಳು! ಭೂತಾನದವರಿಗೆ ಇದು ರಾಷ್ಟ್ರವೃಕ್ಷ. ಬೌದ್ಧ ಮಠಗಳ ಬಳಿ ನೆಟ್ಟು ಪೂಜ್ಯವೆಂದು ಕಾಪಾಡುತ್ತಾರೆ.

ಹೀಗೆ ಹೆಸರಿಡುವುದಕ್ಕೂ ಮೊದಲೇ, 1862ರಲ್ಲಿ, ಇಟಲಿಯ ಬೊರೊಮೆಯೊ ಮನೆತನದವರು ಹಿಮಾಲಯದ ಕಡೆಯಿಂದ ಇದರ ಬೀಜ ತರಿಸಿದ್ದರು. ಮಜ್ಜೋರೆ ಸರೋವರದ ನಡುವೆ ಇಸೋಲಾ ಮಾದ್ರೆ ಎಂಬ ದ್ವೀಪ; ಅಲ್ಲಿನ ಅರಮನೆಯ ಮುಂದೆ ಗಿಡ ಬೆಳೆಯಿತು. ಸರೋವರದ ನೀರಿನಿಂದಾಗಿ ಅಲ್ಲಿ ಚಳಿ ಅಷ್ಟು ಕಟುವಲ್ಲ. ಗಿಡ ಹೆಮ್ಮರವಾಯಿತು, ತಲೆಮಾರುಗಳು ಕಳೆದವು.

2006ರ ಜೂನ್ ತಿಂಗಳಲ್ಲಿ ಸುಂಟರಗಾಳಿ ಬೀಸಿ ಆ ಮರವನ್ನು ಬೇರುಸಹಿತ ಕೆಡವಿಹಾಕಿತು. ಕಡಿದು ಸಾಗಿಸಿದ್ದರೆ ಕೆಲಸ ಹಗುರವಾಗುತ್ತಿತ್ತು. ಆದರೆ ಸುಮಾರು ನೂರನಲವತ್ತು ವರ್ಷದ ಮರವನ್ನು ಮತ್ತೆ ಪಡೆಯಲು ಇನ್ನೊಂದು ನೂರನಲವತ್ತು ವರ್ಷ ಕಾಯಬೇಕಲ್ಲವೇ? ಯಂತ್ರಗಳಿಂದ ಎತ್ತಿ ನಿಲ್ಲಿಸಿದರು, ಸುತ್ತಲೂ ಉಕ್ಕಿನ ಹಗ್ಗ ಬಿಗಿದರು. ಮರ ಉಳಿಯಿತು.

ನಮ್ಮಲ್ಲಿ ಅಂಥ ಯಂತ್ರಗಳಿಲ್ಲ, ನಿಜ. ಆದರೆ ಎಳೆಯ ಮಾವೋ ಹಲಸೋ ಗಾಳಿಗೆ ವಾಲಿದರೆ ನಮ್ಮ ಕೈಲಾದದ್ದು ಬಹಳವಿದೆ. ಬೇರು ಒಣಗಿದರೆ ಗಿಡ ಹೋಯಿತೆಂದೇ ತಿಳಿಯಿರಿ. ಕೂಡಲೇ ಒದ್ದೆ ಗೋಣಿತಾಟು ಹೊದಿಸಿ. ಮುರಿದ ರೆಂಬೆ ತೆಗೆದು ಭಾರ ಇಳಿಸಿ. ಮೆಲ್ಲಗೆ ಎತ್ತಿ, ಮಣ್ಣು ಕೊಟ್ಟು ತುಳಿದು, ಊರುಗೋಲು ನಿಲ್ಲಿಸಿ ಸಡಿಲವಾಗಿ ಕಟ್ಟಿ. ಸೈಪ್ರಸ್ಸಿಗೆ ಮಾತ್ರ ಒಂದು ಎಚ್ಚರಿಕೆ: ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಅದು ಮತ್ತೆ ಚಿಗುರದು.

ನೆಡುವಾಗಲೇ ಜೋಪಾನ ಮಾಡುವುದು ಇನ್ನೂ ಮೇಲು. ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ ನೆಡಿ. ಬುಡದಲ್ಲಿ ನೀರು ನಿಲ್ಲಗೊಡಬೇಡಿ.

ಇನ್ನು ಮುಂದೆ ಮರ ಬಿದ್ದಾಗ ಕೊಡಲಿ ಎತ್ತುವ ಮೊದಲು ಒಮ್ಮೆ ಬೇರು ನೋಡಿ.