ಕಡಿಮೆ ಬೆಲೆಯ ಅತಿ ವಿಶಾಲಕೋನ ಮಸೂರಗಳು

ಛಾಯಾಗ್ರಹಣದಲ್ಲಿ ಸಂವೇದಕದ ಅಥವಾ ಫಿಲ್ಮಿನ ಚಿಕ್ಕ ಬದಿಯ ಅಳತೆಗಿಂತ ಕಡಿಮೆ ಸಂಗಮದೂರವುಳ್ಳ ಮಸೂರವನ್ನು ಅತಿ ವಿಶಾಲಕೋನ ಮಸೂರ ಅಥವಾ ಅಲ್ಟ್ರಾ ವೈಡ್ ಲೆನ್ಸ್ ಎಂದು ಕರೆಯುತ್ತಾರೆ. 24×36 ಮಿ.ಮೀ. ಸಂವೇದಕವಿರುವ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ 24 ಮಿ.ಮೀ.ಗಿಂತ ಕಡಿಮೆ, ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಸುಮಾರು 15 ಮಿ.ಮೀ.ಗಿಂತ ಕಡಿಮೆ ಸಂಗಮದೂರದ ಮಸೂರಗಳು ಈ ವರ್ಗಕ್ಕೆ ಸೇರುತ್ತವೆ. ಬಹುಕಾಲ ದುಬಾರಿಯಾಗಿಯೇ ಇದ್ದ ಈ ಮಸೂರಗಳು 2010ರ ಆಸುಪಾಸಿನಿಂದ ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಎಟುಕುವ ಬೆಲೆಗೆ ದೊರೆಯತೊಡಗಿದವು. ಬೆಲೆ ಇಳಿಸಲು ತಯಾರಕರು ಏನನ್ನಾದರೂ ಬಿಟ್ಟುಕೊಟ್ಟಿರುತ್ತಾರೆ. ಬಿಟ್ಟದ್ದು ಯಾವುದು ಎಂಬುದರ ಮೇಲೆ ಮಸೂರದ ಉಪಯುಕ್ತತೆ ನಿಂತಿರುತ್ತದೆ.

ನೋಟದ ವ್ಯಾಪ್ತಿ

ಫುಲ್ ಫ್ರೇಮ್ ಸಂವೇದಕದ ಕರ್ಣರೇಖೆಯ ಮೇಲೆ 50 ಮಿ.ಮೀ. ಮಸೂರದ ನೋಟದ ಕೋನ ಸುಮಾರು 47 ಡಿಗ್ರಿ, 24 ಮಿ.ಮೀ.ಯದು 84 ಡಿಗ್ರಿ, 14 ಮಿ.ಮೀ.ಯದು 114 ಡಿಗ್ರಿ. ವ್ಯಾವಹಾರಿಕವಾಗಿ ಹೇಳುವುದಾದರೆ, ಕ್ಯಾನನ್‌ನ ಎಪಿಎಸ್-ಸಿ ಕ್ಯಾಮೆರಾದೊಂದಿಗೆ ಬರುವ 18 ಮಿ.ಮೀ. ಕಿಟ್ ಲೆನ್ಸ್ ಮೂರು ಮೀಟರ್ ದೂರದ ಗೋಡೆಯ ಸುಮಾರು 3.7 ಮೀಟರ್ ಅಗಲವನ್ನು ಮಾತ್ರ ಸೆರೆಹಿಡಿಯುತ್ತದೆ. ಅದೇ ಸ್ಥಳದಿಂದ 10 ಮಿ.ಮೀ. ಮಸೂರ ಸುಮಾರು 6.7 ಮೀಟರ್ ಅಗಲವನ್ನು ತೋರಿಸುತ್ತದೆ. ಹಿಂದೆ ಸರಿಯಲು ಜಾಗವಿಲ್ಲದ ಕೊಠಡಿ, ಇಕ್ಕಟ್ಟಾದ ಬೀದಿ, ದೇವಾಲಯದ ನವರಂಗ ಇವುಗಳನ್ನು ಚಿತ್ರಿಸುವವರು ಅತಿ ವಿಶಾಲಕೋನ ಮಸೂರವನ್ನು ಕೊಳ್ಳಲು ಇದೇ ಮುಖ್ಯ ಕಾರಣ.

ದುಬಾರಿಯಾಗಿದ್ದುದೇಕೆ

ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಕನ್ನಡಿ ಏಳಲು ಜಾಗ ಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಈ ಅಂತರ 46.5 ಮಿ.ಮೀ., ಕ್ಯಾನನ್ ಇಎಫ್ ಮೌಂಟಿನಲ್ಲಿ 44 ಮಿ.ಮೀ. ಆದರೆ 14 ಮಿ.ಮೀ. ಸಂಗಮದೂರದ ಸರಳ ಮಸೂರವು ಫಿಲ್ಮಿನಿಂದ 14 ಮಿ.ಮೀ. ದೂರದಲ್ಲಿಯೇ ಇರಬೇಕಾಗುತ್ತದೆ. ಈ ತೊಡಕಿಗೆ ಪರಿಹಾರವಾಗಿ ಮುಂಭಾಗದಲ್ಲಿ ಕಿರಣಗಳನ್ನು ಚದುರಿಸುವ ದೊಡ್ಡ ನಿಮ್ನ ಮಸೂರಗಳನ್ನಿಟ್ಟು, ಹಿಂಭಾಗದ ಮಸೂರಗಳಿಂದ ಅವನ್ನು ಮತ್ತೆ ಕೂಡಿಸುವ ರಚನೆ ಬಳಕೆಗೆ ಬಂದಿತು. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ 35 ಮಿ.ಮೀ. ಮಸೂರಕ್ಕಿಟ್ಟ 'ರೆಟ್ರೋಫೋಕಸ್' ಎಂಬ ವ್ಯಾಪಾರನಾಮವೇ ಮುಂದೆ ಈ ರಚನೆಯ ಹೆಸರಾಯಿತು. ಸಂಗಮದೂರ ಕಡಿಮೆಯಾದಷ್ಟೂ ಮುಂದಿನ ಗಾಜು ದೊಡ್ಡದಾಗುತ್ತದೆ, ದೋಷಗಳನ್ನು ತಿದ್ದಲು ಬೇಕಾದ ಗಾಜುಗಳ ಸಂಖ್ಯೆಯೂ ಏರುತ್ತದೆ. 1970ರ ದಶಕದ ನಿಕಾನ್ 13 ಮಿ.ಮೀ. ಎಫ್/5.6 ಮಸೂರ ಒಂದು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು.

ಅಚ್ಚಿನಲ್ಲಿ ಒತ್ತಿ ತಯಾರಿಸುವ ಅಗೋಳೀಯ ಮಸೂರಗಳು, ಗಣಕಯಂತ್ರದ ನೆರವಿನ ವಿನ್ಯಾಸ ಹಾಗೂ ಪ್ಲಾಸ್ಟಿಕ್ ಕವಚಗಳು ಈ ವೆಚ್ಚವನ್ನು ತಗ್ಗಿಸಿದವು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮೌಂಟಿಗೂ ಸಂವೇದಕಕ್ಕೂ ನಡುವಣ ಅಂತರವೇ ಕುಗ್ಗಿತು: ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝಡ್‌ನಲ್ಲಿ 16 ಮಿ.ಮೀ.

ಮೂರು ಮಾದರಿಗಳು, ಮೂರು ಬಗೆಯ ಉಳಿತಾಯ

ದಕ್ಷಿಣ ಕೊರಿಯಾದ ಸಾಮ್ಯಾಂಗ್ ಸಂಸ್ಥೆಯ 14 ಮಿ.ಮೀ. ಎಫ್/2.8 ಮಸೂರವು ಸ್ವಯಂಚಾಲಿತ ಫೋಕಸನ್ನು ಕೈಬಿಟ್ಟು ಬೆಲೆಯನ್ನು ಇಳಿಸಿತು. ರೋಕಿನಾನ್, ಬೋವರ್, ವಾಲಿಮೆಕ್ಸ್ ಎಂಬ ಹೆಸರುಗಳಲ್ಲೂ ಮಾರಾಟವಾದ ಇದರ ಬೆಲೆ, ಎರಡು ಸಾವಿರ ಡಾಲರ್‌ಗೂ ಮೇಲಿದ್ದ ಕ್ಯಾನನ್‌ನ ಸಮಾನ ಅಳತೆಯ ಮಸೂರದ ಮುಂದೆ ತೀರ ಅಲ್ಪ. ಕೈಯಿಂದ ಫೋಕಸ್ ಮಾಡುವುದು ಈ ಸಂಗಮದೂರದಲ್ಲಿ ದೊಡ್ಡ ಕೊರತೆಯೇನಲ್ಲ. ಎಫ್/8 ಅಪರ್ಚರ್‌ನಲ್ಲಿ ಸುಮಾರು 80 ಸೆಂ.ಮೀ. ದೂರಕ್ಕೆ ಫೋಕಸ್ ಇಟ್ಟರೆ ಅದರ ಅರ್ಧ ದೂರದಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕೋಮಾ ದೋಷ ಕಡಿಮೆಯಿರುವುದರಿಂದ ಅಂಚಿನ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಹರಡಿಕೊಳ್ಳುವುದಿಲ್ಲ. ಆಕಾಶಗಂಗೆಯನ್ನು ಚಿತ್ರಿಸುವವರಲ್ಲಿ ಈ ಮಸೂರ ಜನಪ್ರಿಯವಾದದ್ದು ಇದರಿಂದಲೇ. ಕಟ್ಟಡಗಳ ವಿಷಯದಲ್ಲಿ ಮಾತ್ರ ಇದು ತೊಡಕಿನದು. ಸರಳ ರೇಖೆಗಳು ನಡುವೆ ಉಬ್ಬಿ, ತುದಿಗಳಲ್ಲಿ ಮತ್ತೆ ಹಿಂದಕ್ಕೆ ಬಾಗುವ 'ಮೀಸೆ' ಆಕಾರದ ವಿರೂಪ ಇದರಲ್ಲಿದ್ದು, ಸಾಮಾನ್ಯ ತಿದ್ದುಪಡಿಗೆ ಬಗ್ಗುವುದಿಲ್ಲ. ಅದಕ್ಕೆ ಈ ಮಸೂರಕ್ಕೆಂದೇ ಸಿದ್ಧಪಡಿಸಿದ ತಂತ್ರಾಂಶದ ವಿವರಕಡತ ಬೇಕು. ಮುಂದಿನ ಗಾಜು ಉಬ್ಬಿರುವುದರಿಂದ ಸಾಮಾನ್ಯ ಫಿಲ್ಟರ್‌ಗಳನ್ನು ತಿರುಗಿಸಿ ಹಾಕಲಾಗದು.

ಕ್ಯಾನನ್ 2014ರಲ್ಲಿ ಹೊರತಂದ ಇಎಫ್-ಎಸ್ 10-18 ಮಿ.ಮೀ. ಜೂಮ್ ಮಸೂರ ಉಳಿತಾಯ ಮಾಡಿದ್ದು ಬೆಳಕಿನಲ್ಲಿ. ಇದರ ಗರಿಷ್ಠ ಅಪರ್ಚರ್ ಎಫ್/4.5ರಿಂದ 5.6, ಮೌಂಟ್ ಪ್ಲಾಸ್ಟಿಕ್‌ನದು, ತೂಕ 240 ಗ್ರಾಂ, ಅಮೆರಿಕದಲ್ಲಿ ಬಿಡುಗಡೆಯ ಬೆಲೆ 299 ಡಾಲರ್. ಎಫ್/2.8 ಮಸೂರವು ಎಫ್/4.5ಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಹೀಗಾಗಿ ರಾತ್ರಿಯ ಆಕಾಶಕ್ಕೆ ಈ ಜೂಮ್ ಮಸೂರ ಹಿಂದುಳಿಯುತ್ತದೆ. ಆದರೆ ಇದರಲ್ಲಿರುವ ಕಂಪನ ನಿಯಂತ್ರಣ ವ್ಯವಸ್ಥೆ ಅಲುಗಾಡದ ವಸ್ತುಗಳ ವಿಷಯದಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಕೆಗೆ ಪೂರ್ವಾನುಮತಿ ಬೇಕಾಗಿರುವುದರಿಂದ, ಬೇಲೂರಿನ ನವರಂಗ ಅಥವಾ ವಿಜಯಪುರದ ಗೋಲ್ ಗುಂಬಜ್‌ನ ಒಳಭಾಗದಂತಹ ಮಂದಬೆಳಕಿನ ಸ್ಥಳಗಳಲ್ಲಿ ಕೈಯಲ್ಲೇ ಹಿಡಿದು ಚಿತ್ರ ತೆಗೆಯುವವರಿಗೆ ಇದು ಸಣ್ಣ ಅನುಕೂಲವಲ್ಲ. ನಿಕಾನ್ 2017ರಲ್ಲಿ ಇದೇ ಮಾದರಿಯ ಎಎಫ್-ಪಿ ಡಿಎಕ್ಸ್ 10-20 ಮಿ.ಮೀ. ಮಸೂರವನ್ನು ತಂದಿತು.

ಮೂರನೆಯದು 2021ರ ಕ್ಯಾನನ್ ಆರ್‌ಎಫ್ 16 ಮಿ.ಮೀ. ಎಫ್/2.8. ಫುಲ್ ಫ್ರೇಮ್‌ಗೆ ಹೊಂದುವ ಈ ಮಸೂರದ ತೂಕ ಕೇವಲ 165 ಗ್ರಾಂ, ಬಿಡುಗಡೆಯ ಬೆಲೆ 299 ಡಾಲರ್. ಇಲ್ಲಿ ವಿರೂಪವನ್ನು ಗಾಜಿನಿಂದ ತಿದ್ದುವ ಗೋಜಿಗೆ ಹೋಗದೆ ತಂತ್ರಾಂಶಕ್ಕೆ ಬಿಡಲಾಗಿದೆ. ತಿದ್ದದ ಕಚ್ಚಾ ಚಿತ್ರದಲ್ಲಿ ಪೀಪಾಯಿಯಂತಹ ಉಬ್ಬು ಎದ್ದು ಕಾಣುತ್ತದೆ, ಮೂಲೆಗಳು ಬಹಳ ಕಪ್ಪಾಗಿರುತ್ತವೆ. ಕ್ಯಾಮೆರಾ ಅದನ್ನು ಹಿಗ್ಗಿಸಿ ಸರಿಪಡಿಸುವಾಗ ಮೂಲೆಗಳ ಸೂಕ್ಷ್ಮ ವಿವರಗಳು ಸ್ವಲ್ಪ ಕಳೆದುಹೋಗುತ್ತವೆ. ಪರದೆಯ ಮೇಲೆ ಅಥವಾ ಸಣ್ಣ ಮುದ್ರಣದಲ್ಲಿ ಇದು ಗೋಚರವಾಗುವುದು ಅಪರೂಪ.

ತಿದ್ದಬಹುದಾದ ಮತ್ತು ತಿದ್ದಲಾಗದ ದೋಷಗಳು

ಅಗ್ಗದ ಮಸೂರಗಳ ದೋಷಗಳೆಲ್ಲವೂ ಸಮಾನ ತೂಕದವಲ್ಲ. ರೇಖೆಗಳ ಬಾಗು, ಮೂಲೆಗಳ ಕತ್ತಲು, ಅಂಚಿನ ಮೇಲೆ ಕಾಣುವ ನೇರಳೆ ಅಥವಾ ಹಸಿರು ಗೆರೆಗಳ ರೂಪದ ಪಾರ್ಶ್ವ ವರ್ಣ ವಿಪಥನ ಇವುಗಳನ್ನು ಚಿತ್ರ ತೆಗೆದ ಬಳಿಕ ಬಹುಮಟ್ಟಿಗೆ ಸರಿಪಡಿಸಬಹುದು. ಕತ್ತಲಾದ ಮೂಲೆಗಳನ್ನು ಬೆಳಗಿಸಿದಾಗ ಅಲ್ಲಿ ನಾಯ್ಸ್ ಹೆಚ್ಚುವುದು ಮಾತ್ರ ತಪ್ಪದು.

ಕೋಮಾ, ಸೂರ್ಯನೋ ಬೀದಿದೀಪವೋ ಚೌಕಟ್ಟಿನಲ್ಲಿದ್ದಾಗ ಮೂಡುವ ಪ್ರಜ್ವಲನದ ಕಲೆಗಳು ಹಾಗೂ ಗಾಜುಗಳು ಒಂದೇ ಅಕ್ಷದಲ್ಲಿ ಕೂಡದಿರುವ ಜೋಡಣಾ ದೋಷ ಇವು ಗಂಭೀರವಾದವು. ಇವುಗಳಿಂದ ನಷ್ಟವಾದ ವಿವರವನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ತರಲಾರದು. ನೋಟದ ಕೋನ ವಿಶಾಲವಾಗಿರುವುದರಿಂದ ಬೆಳಕಿನ ಮೂಲಗಳು ಚೌಕಟ್ಟಿನೊಳಕ್ಕೆ ಬರುವ ಸಾಧ್ಯತೆಯೂ ಹೆಚ್ಚು. ಹೀಗಾಗಿ ಗಾಜಿನ ಲೇಪನದಲ್ಲಿ ಮಾಡಿದ ಉಳಿತಾಯ ಇತರ ಮಸೂರಗಳಿಗಿಂತ ಇಲ್ಲಿ ಬೇಗ ಬಯಲಾಗುತ್ತದೆ. ಟೋಕಿನಾ 11-16 ಮಿ.ಮೀ. ಎಫ್/2.8 ಮಸೂರ ತನ್ನ ಸ್ಪಷ್ಟತೆಗೆ ಹೆಸರಾಗಿದ್ದರೂ ಪ್ರಜ್ವಲನದ ವಿಷಯದಲ್ಲಿ ಟೀಕೆಗೊಳಗಾಗಿತ್ತು.

ಮಸೂರದ ಬೆಲೆಗೆ ಸಂಬಂಧವೇ ಇಲ್ಲದ ಒಂದು ವಿರೂಪವೂ ಇದೆ. ಸರಳ ರೇಖೆಗಳನ್ನು ಸರಳವಾಗಿಯೇ ಉಳಿಸುವ ಯಾವುದೇ ಅತಿ ವಿಶಾಲಕೋನ ಮಸೂರ ಅಂಚಿನಲ್ಲಿರುವ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. 14 ಮಿ.ಮೀ. ಮಸೂರದ ಮೂಲೆಯಲ್ಲಿ ಈ ಎಳೆತ ನಡುಭಾಗಕ್ಕೆ ಹೋಲಿಸಿದರೆ ಮೂರು ಪಟ್ಟನ್ನು ಮೀರುತ್ತದೆ. ಗುಂಪುಚಿತ್ರದ ತುದಿಯಲ್ಲಿ ನಿಂತವರ ಮುಖಗಳು ಅಗಲವಾಗಿ ಕಾಣುವುದು ಈ ಜ್ಯಾಮಿತಿಯಿಂದಾಗಿ. ಅತ್ಯಂತ ದುಬಾರಿ ಮಸೂರದಲ್ಲಿಯೂ ಹೀಗೆಯೇ ಆಗುತ್ತದೆ.

ಕೊಳ್ಳುವಾಗಿನ ಪರಿಶೀಲನೆ

ಅಗ್ಗದ ಮಸೂರಗಳಲ್ಲಿ ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ಗುಣಮಟ್ಟದ ವ್ಯತ್ಯಾಸ ಹೆಚ್ಚಾಗಿರಬಹುದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಇಟ್ಟಿಗೆ ಗೋಡೆಗೆ ನೇರ ಎದುರಾಗಿ ಗರಿಷ್ಠ ಅಪರ್ಚರ್‌ನಲ್ಲಿ ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ಹೋಲಿಸುವುದು ರೂಢಿ. ನಾಲ್ಕು ಮೂಲೆಗಳೂ ಸಮವಾಗಿ ಮಸುಕಾಗಿದ್ದರೆ ಅದು ವಿನ್ಯಾಸದ ಮಿತಿ, ಅಪರ್ಚರ್ ಕಿರಿದಾಗಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಪ್ರತಿಯ ಜೋಡಣೆಯಲ್ಲಿ ದೋಷವಿರುವ ಸಂಭವ ಹೆಚ್ಚು, ಅಂತಹುದನ್ನು ಬದಲಾಯಿಸಿಕೊಳ್ಳುವುದು ಉಚಿತ. ಕೈಯಿಂದ ಫೋಕಸ್ ಮಾಡುವ ಮಸೂರಗಳಲ್ಲಿ ಅನಂತದ ಗುರುತು ಕೆಲವೊಮ್ಮೆ ಸರಿಯಾದ ಸ್ಥಾನದಲ್ಲಿರುವುದಿಲ್ಲ. ದೂರದ ದೀಪವನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಇದು ತಿಳಿಯುತ್ತದೆ. ಹಳೆಯ ಕ್ಯಾಮೆರಾಗಳಿಗೆ ಕೊಳ್ಳುವವರು ಹೊಂದಾಣಿಕೆಯನ್ನೂ ಪರಿಶೀಲಿಸಬೇಕಾಗುತ್ತದೆ. ಉದಾಹರಣೆಗೆ, ನಿಕಾನ್‌ನ ಎಎಫ್-ಪಿ ಮಸೂರಗಳು ಆ ಸಂಸ್ಥೆಯದೇ ಹಲವು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವುದಿಲ್ಲ.