ಬಾದಾಮಿಯ ರಾಯಭಾರ

ಇಮ್ಮಡಿ ಪುಲಕೇಶಿಯ ಪಾರಸಿಕ ರಾಯಭಾರವೆಂದರೆ ಅಜಂತೆಯ ಒಂದನೆಯ ಗುಹೆಯ ಚಿತ್ರವನ್ನು ತೋರಿಸುವುದು ನಮ್ಮಲ್ಲಿ ವಾಡಿಕೆ. ೧೮೭೯ರಲ್ಲಿ ಫರ್ಗುಸನ್ ಹಾಗೆ ಬರೆದ, ಪಠ್ಯಪುಸ್ತಕಗಳು ನಂಬಿದವು. ಆ ಗುಹೆ ಐದನೆಯ ಶತಮಾನದ ವಾಕಾಟಕರ ಕಾಲದ್ದೆಂಬುದು ಈಗ ಬಹುಮಂದಿ ವಿದ್ವಾಂಸರ ಮತ. ಚಿತ್ರ ಹೋದರೆ ಹೋಗಲಿ. ತಬರಿಯೆಂಬ ಇತಿಹಾಸಕಾರನ ಅರಬ್ಬೀ ಗ್ರಂಥ ಉಳಿದಿದೆಯಲ್ಲ!

ಪಾರಸಿಕ ದೊರೆ ಎರಡನೆಯ ಖುಸ್ರೋವಿನ ಆಳಿಕೆಯ ೩೬ನೆಯ ವರ್ಷ, ಎಂದರೆ ೬೨೫-೨೬ರ ಸುಮಾರಿಗೆ, ಹಿಂದೂದೇಶದ ಅರಸನೊಬ್ಬನ ದೂತರು ಅಲ್ಲಿಗೆ ಬಂದರು. ಈ ಅರಸ ಬಾದಾಮಿಯ ಪುಲಕೇಶಿಯೇ ಎಂದವನು ಜರ್ಮನ್ ಪಂಡಿತ ನ್ಯೋಲ್ಡೆಕೆ. ಅರಬ್ಬೀ ಲಿಪಿಯಲ್ಲಿ ಹೆಸರು ಬಹಳ ಕೆಟ್ಟಿರುವುದರಿಂದ ತುಸು ಸಂಶಯಕ್ಕೆ ಎಡೆ ಬಿಡಬೇಕು. ರಾಯಭಾರದ ಸಿದ್ಧತೆಯನ್ನಂತೂ ಮೆಚ್ಚಲೇಬೇಕು. ದೊರೆಗಷ್ಟೇ ಅಲ್ಲ, ಅವನ ಮಕ್ಕಳಿಗೂ ಒಬ್ಬೊಬ್ಬರಿಗೆ ಬೇರೆ ಓಲೆ, ಬೇರೆ ಕಾಣಿಕೆ. ಶೀರೂಯನೆಂಬ ಮಗನಿಗೆ ಆನೆ, ಕತ್ತಿ, ಬಿಳಿಯ ಡೇಗೆ, ಜರತಾರಿ ಅಂಗಿ. ಅವನ ಓಲೆಯ ಮೇಲೆ ಗುಟ್ಟಿನದೆಂದು ನಮ್ಮ ಕಡೆಯ ಭಾಷೆಯಲ್ಲಿ ಬರೆದಿತ್ತು. ಖುಸ್ರೋ ಅದನ್ನು ಮಗನಿಗೆ ಕೊಡದೆ, ಆ ಭಾಷೆ ಬಲ್ಲವನನ್ನು ಕರೆಸಿ ಮುದ್ರೆ ಒಡೆಸಿದ. ೩೮ನೆಯ ವರ್ಷದಲ್ಲಿ ಶೀರೂಯನಿಗೇ ಪಟ್ಟವೆಂದು ಅದರಲ್ಲಿತ್ತು!

೬೨೮ರಲ್ಲಿ ಹಾಗೆಯೇ ಆಯಿತು. ಸೆರೆಯಲ್ಲಿದ್ದ ಖುಸ್ರೋ ಮಗನ ಆರೋಪಗಳಿಗೆ ಉತ್ತರ ಕೊಡುತ್ತ ಈ ಸಂಗತಿ ಎತ್ತಿದನೆಂದೂ, ಓಲೆ ಶೀರೀನಳ ವಶದಲ್ಲಿದೆಯೆಂದನೆಂದೂ ತಬರಿ ಬರೆಯುತ್ತಾನೆ. ಭವಿಷ್ಯವನ್ನು ನಾನು ನಂಬಲಾರೆ. ಆದರೆ ಮುಂದೆ ಪಟ್ಟ ಯಾರಿಗೆಂದು ವಿಚಾರಿಸಿಕೊಂಡೇ ದೂತರನ್ನು ಕಳಿಸಿದ್ದರೆಂದು ಊಹಿಸಬಹುದು.

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿ ೬೩೪-೩೫ರ ರವಿಕೀರ್ತಿಯ ಶಾಸನವಿದೆ. ಹರ್ಷನ ಸೋಲಿಗೆ ಅಲ್ಲಿ ಜಾಗವುಂಟು. ಪಾರಸಿಕರ ಮಾತೇ ಇಲ್ಲ.