ರುಬ್ಬುಗುಂಡಿನಿಂದ ತರಗತಿಗೆ

ಕಡಂದಲೆಯ ಕೆ. ಕೃಷ್ಣರಾಯರಿಗೆ ಹೋಟೆಲ್ ವಿದ್ಯೆ ಕಲಿಸಿದ್ದು ಉಡುಪಿಯ ಮಠದ ಅಡುಗೆಮನೆ. ಮುಂದೆ ಮದ್ರಾಸಿಗೆ ಹೋಗಿ ಅವರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಕರಾವಳಿಯವರ ಹೋಟೆಲುಗಳಲ್ಲಿ ಕಸುಬು ಹೀಗೇ ಕೈಯಿಂದ ಕೈಗೆ ದಾಟುತ್ತಿತ್ತು. ಲೋಟ ತೊಳೆಯುವ ಮಾಣಿ ಸಪ್ಲೈಯರ್ ಆಗಿ, ಗಲ್ಲಾಪೆಟ್ಟಿಗೆಗೆ ಬಂದು, ಕಡೆಗೊಂದು ದಿನ ಊರಿನ ಹುಡುಗರನ್ನು ಕರೆಸಿಕೊಂಡು ಸ್ವಂತ ಹೋಟೆಲ್ ಇಡುತ್ತಿದ್ದ. ಪರಿಚಯ, ಊರು, ಜಾತಿ ಇದ್ದವನಿಗೆ ಕೆಲಸ ಸಿಗುತ್ತಿತ್ತು. ಉಳಿದವರು ಅಡುಗೆಮನೆಯ ಹೊಸ್ತಿಲು ದಾಟುವುದು ಸುಲಭವಿರಲಿಲ್ಲ.

ಬೆಂಗಳೂರಿನ ಎಂಟಿಆರ್ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿಬಂದರು. ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ಕಣ್ಣಾರೆ ಕಂಡು ಅದನ್ನು ಇಲ್ಲಿನ ಅಡುಗೆಮನೆಗೆ ತಂದರು. ಗುರುವಿಲ್ಲದೆ ತಾವೇ ಕಲಿತು ಕೆಲಸದವರಿಗೆ ಕಲಿಸಿದ ಅವರ ಆ ಪ್ರಯತ್ನವನ್ನೇ ನಮ್ಮ ಹೋಟೆಲ್ ಶಿಕ್ಷಣದ ಮೊದಲ ಪಾಠ ಎನ್ನಬೇಕು.

ಹೋಟೆಲ್ ಓದಿನ ತರಗತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಆಹಾರದ ಅಭಾವದ ದಿನಗಳಲ್ಲಿ, 1954ರಲ್ಲಿ, ಮುಂಬಯಿಯಲ್ಲಿ ದೇಶದ ಮೊದಲ ಕೇಟರಿಂಗ್ ಕಾಲೇಜು ಆರಂಭವಾಯಿತು. ಬೆಂಗಳೂರಿನ ಸಂಸ್ಥೆ 1969ರಲ್ಲಿ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಆಗಿ ಶುರುವಾಗಿ 1983ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಾಯಿತು. ಅದರ ಪೂರ್ತಿ ಹೆಸರಿನಲ್ಲಿ ಇಂದಿಗೂ ‘ಅನ್ವಯಿಕ ಪೋಷಣೆ’ ಎಂಬ ಮಾತಿದೆ. ಅದು ಆ ಹಸಿವಿನ ಕಾಲದ ನೆನಪು.

ಪಠ್ಯ ನಾಲ್ಕು ಕವಲಾಗಿ ಗಟ್ಟಿಗೊಂಡಿತು: ಅಡುಗೆ, ಬಡಿಸುವಿಕೆ, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್. ಕೆಲಸ ಕೊಡಿಸಿದ್ದು ಮಾತ್ರ ಈ ಪಾಠಗಳಷ್ಟೇ ಅಲ್ಲ. ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ಹೋಟೆಲಿನಲ್ಲೇ ದುಡಿಸುವ ಇಂಡಸ್ಟ್ರಿಯಲ್ ಟ್ರೈನಿಂಗ್‌ಗೆ ಅದರ ಶ್ರೇಯದ ಹೆಚ್ಚಿನ ಪಾಲು ಸಲ್ಲಬೇಕು. ಕತ್ತಿ ಹಿಡಿಯುವ ರೀತಿಯನ್ನು ಪುಸ್ತಕ ಹೇಳೀತು. ನೂರು ಜನ ಒಟ್ಟಿಗೆ ಊಟಕ್ಕೆ ಬಂದಾಗ ಗಾಬರಿಯಾಗದಿರುವುದನ್ನು ಒಲೆಯೇ ಕಲಿಸಬೇಕು. ಮಣಿಪಾಲ ಇದನ್ನು ಚೆನ್ನಾಗಿ ಅರಿತಿತ್ತು. ಎಂಬತ್ತರ ದಶಕದಲ್ಲಿ ಅಲ್ಲಿ ಐಟಿಸಿಯ ವೆಲ್‌ಕಮ್‌ಗ್ರೂಪ್ ಜೊತೆಗೂಡಿ ಕಾಲೇಜು ಕಟ್ಟಿದಾಗ, ಉದ್ಯೋಗ ಕೊಡುವವರೇ ಪಾಠ ರೂಪಿಸುವವರ ಪಕ್ಕದಲ್ಲಿ ಕುಳಿತಂತಾಯಿತು. ಅಮೃತಸರದ ಬಾಣಸಿಗ ವಿಕಾಸ್ ಖನ್ನಾ ಓದಿದ್ದು ಅಲ್ಲೇ.

ಇನ್ನು ಈ ಓದು ಹೆಚ್ಚು ಬೇಕಿರುವ ಆಂಧ್ರದ ಗಡಿಯ ಕಡೆ ನೋಡಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಶೇಂಗಾ ಬೆಳೆದು ಮಳೆಗೆ ಕಾಯುವ ಹಳೆಯ ಅನಂತಪುರ ಜಿಲ್ಲೆಯ ಈ ಗಡಿಸೀಮೆಯಲ್ಲಿ, ಬೆಳುಗುಪ್ಪದಲ್ಲಾಗಲಿ ಮಡಕಶಿರದಲ್ಲಾಗಲಿ, ಬೇಸಾಯ ಕೈಕೊಟ್ಟರೆ ನಗರದ ದಾರಿ ಹಿಡಿಯದೆ ವಿಧಿಯಿಲ್ಲ. ಅಂಥ ಮನೆಯ ಹುಡುಗ ಹುಡುಗಿಯರಿಗೆ ಜಾತಿ, ಪರಿಚಯ ಕೇಳದ ಈ ಓದು ಬೇಕೇ ಬೇಕು. ಅವರು ಕನ್ನಡ, ತೆಲುಗು ಎರಡರಲ್ಲೂ ಅತಿಥಿಯನ್ನು ಮಾತಾಡಿಸಬಲ್ಲರು. ಕೇಂದ್ರದ ಹೋಟೆಲ್ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ನಡೆದುಬಂದಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದು ಕನ್ನಡದಲ್ಲೂ ತೆಲುಗಿನಲ್ಲೂ ನಡೆಯಬೇಕು.